ಕೊರಳಿನ ಕೊಳವೆ ಮತ್ತು ಮರುದಿನದ ಪ್ರಶ್ನೆ



ಕಳೆದ ಕೆಲವು ವರ್ಷಗಳಿಂದ ನಮ್ಮ ಕೂಟದ ಕುಟುಂಬಗಳ ಮಾತುಕತೆಯಲ್ಲಿ ಒಂದು ಪದ ಮತ್ತೆ ಮತ್ತೆ ಕಿವಿಗೆ ಬೀಳುತ್ತಿದೆ: ಸೆಂಟ್ರಲ್ ಲೈನ್. ಊರಿನಲ್ಲಿ ತಂದೆಯವರನ್ನೋ ಅತ್ತೆಯವರನ್ನೋ ತೀವ್ರ ನಿಗಾ ಘಟಕಕ್ಕೆ ಸೇರಿಸಿರುತ್ತಾರೆ. ಅಲ್ಲಿ ಬೆಳಗಿನ ಹತ್ತು ಗಂಟೆ, ಇಲ್ಲಿ ಮಿಷಿಗನ್ನಿನಲ್ಲಿ ನಡುರಾತ್ರಿ. ಆಸ್ಪತ್ರೆಯಲ್ಲಿರುವ ಸೋದರಳಿಯ ಒಪ್ಪಿಗೆ ಪತ್ರದ ಚಿತ್ರವನ್ನು ವಾಟ್ಸ್ಯಾಪಿನಲ್ಲಿ ಕಳುಹಿಸಿ, “ಕುತ್ತಿಗೆಗೆ ಏನೋ ಲೈನ್ ಹಾಕ್ತಾರಂತೆ ಮಾವ, ಸೈನ್ ಮಾಡ್ಲಾ?” ಎಂದು ಕೇಳುತ್ತಾನೆ. ಆ ಪತ್ರದಲ್ಲಿ ಶ್ವಾಸಕೋಶಕ್ಕೆ ಪೆಟ್ಟು, ರಕ್ತಸ್ರಾವ, ಸೋಂಕು, ಸಾವು ಎಂಬ ಪದಗಳೆಲ್ಲ ಸಾಲಾಗಿ ನಿಂತಿರುತ್ತವೆ. ಪರಿಚಯದ ವೈದ್ಯರಿಗೆಲ್ಲ ಕರೆ ಹೋಗುತ್ತದೆ. ಅರ್ಧ ಗಂಟೆಯ ತಳಮಳದ ನಂತರ “ಸರಿ, ಹಾಕಲಿ” ಎಂದು ಒಪ್ಪಿಗೆ ಕೊಡುತ್ತೇವೆ. ಆಮೇಲೆ ಎರಡು ವಾರ ಆ ಕೊಳವೆಯ ವಿಷಯವನ್ನು ಯಾರೂ ಎತ್ತುವುದಿಲ್ಲ. ನಮ್ಮ ಆತಂಕವೆಲ್ಲ ಮೊದಲ ದಿನವೇ ಖರ್ಚಾಗಿ, ನಿಜವಾಗಿ ಬೇಕಾದ ದಿನಗಳಿಗೆ ಏನೂ ಉಳಿಯುವುದಿಲ್ಲ ಎಂಬುದು ನಮ್ಮ ಅಭಿಪ್ರಾಯ. ಈ ಅಂಕಣವನ್ನು ಬರೆಯುವ ನಮ್ಮಲ್ಲಿ ಕೆಲವರು ಆಸ್ಪತ್ರೆಗಳಲ್ಲಿ ದುಡಿಯುವವರು, ಉಳಿದವರು ಐಸಿಯುವಿನ ಹೊರಗಿನ ಕುರ್ಚಿಗಳಲ್ಲಿ ಕುಳಿತು ಕಾದವರು. ಎರಡೂ ಬದಿಯಿಂದ ನೋಡಿದಾಗ ಕಂಡದ್ದು ಇದು.

ಮೊದಲು ಆ ಕೊಳವೆ ಏನೆಂಬುದನ್ನು ತಿಳಿಯೋಣ. ಕುತ್ತಿಗೆ, ಕೊರಳೆಲುಬಿನ ಕೆಳಭಾಗ ಅಥವಾ ತೊಡೆಸಂದು, ಈ ಮೂರರಲ್ಲಿ ಒಂದು ಕಡೆಯ ದೊಡ್ಡ ಅಭಿಧಮನಿಯ ಮೂಲಕ ದೇಹದ ಮಹಾನಾಳದವರೆಗೆ ಸಾಗಿಸುವ ತೆಳುವಾದ ಕೊಳವೆಯೇ ಸೆಂಟ್ರಲ್ ಲೈನ್. ಕೈಗೆ ಹಾಕುವ ಸಾಮಾನ್ಯ ಡ್ರಿಪ್ಪಿನ ಸಣ್ಣ ನಾಳ ಎಲ್ಲ ಔಷಧಗಳನ್ನೂ ತಾಳಲಾರದು. ಕುಸಿದ ರಕ್ತದೊತ್ತಡವನ್ನು ಎತ್ತಿ ಹಿಡಿಯುವ ನಾರ್‌ಅಡ್ರಿನಲಿನ್‌ನಂಥ ಔಷಧ ಸಣ್ಣ ನಾಳದಿಂದ ಹೊರಗೆ ಸೋರಿದರೆ ಸುತ್ತಲಿನ ಚರ್ಮ, ಮಾಂಸವೇ ಸಾಯಬಹುದು. ದೊಡ್ಡ ನಾಳದಲ್ಲಿ ರಕ್ತದ ಹರಿವು ಜೋರು. ಔಷಧ ಬಿದ್ದ ಕ್ಷಣದಲ್ಲೇ ತೆಳುವಾಗಿ ಬೆರೆತು ಹೋಗುತ್ತದೆ. ತುರ್ತು ಡಯಾಲಿಸಿಸ್, ಕೆಲವು ಕ್ಯಾನ್ಸರ್ ಔಷಧಗಳು, ಹೊಟ್ಟೆ ಕೆಲಸ ಮಾಡದಿದ್ದಾಗ ರಕ್ತಕ್ಕೇ ಕೊಡುವ ಆಹಾರ, ಇವಕ್ಕೂ ಇದೇ ದಾರಿ. ಹೀಗಾಗಿ ಬಿಲ್ಲಿನಲ್ಲಿ ಈ ಹೆಸರು ಕಂಡ ಕೂಡಲೇ ಹಣ ಕೀಳಲು ಹಾಕಿದರೆಂದು ತೀರ್ಮಾನಿಸುವುದು ನ್ಯಾಯವಲ್ಲ. ರಕ್ತದೊತ್ತಡ ನೆಲ ಕಚ್ಚಿದ ರೋಗಿಗೆ ಇದು ಬದುಕಿನ ಹಗ್ಗ.

ಇದರ ಇತಿಹಾಸ ಸ್ವಲ್ಪ ವಿಚಿತ್ರವಾದದ್ದು. 1929ರಲ್ಲಿ ವರ್ನರ್ ಫೋರ್ಸ್‌ಮನ್ ಎಂಬ ಜರ್ಮನಿಯ ತರುಣ ವೈದ್ಯ ತನ್ನದೇ ತೋಳಿನ ನಾಳದಿಂದ ಹೃದಯದವರೆಗೆ ಕೊಳವೆಯನ್ನು ತೂರಿಸಿಕೊಂಡು, ಅದೇ ಸ್ಥಿತಿಯಲ್ಲಿ ಎಕ್ಸ್‌ರೇ ಕೋಣೆಗೆ ನಡೆದು ಹೋಗಿ ಚಿತ್ರ ತೆಗೆಸಿಕೊಂಡ. ಆ ದುಸ್ಸಾಹಸಕ್ಕೆ ಆಗ ಸಿಕ್ಕಿದ್ದು ಬೈಗುಳ. 1956ರಲ್ಲಿ ಅದಕ್ಕೇ ನೊಬೆಲ್ ಪ್ರಶಸ್ತಿಯ ಪಾಲು ದೊರೆಯಿತು. ಇಂದು ಎಲ್ಲೆಡೆ ಬಳಸುವ ವಿಧಾನ ಸ್ವೀಡನ್ನಿನ ಸೆಲ್ಡಿಂಗರ್ 1953ರಲ್ಲಿ ಪ್ರಕಟಿಸಿದ್ದು. ಮೊದಲು ಸೂಜಿಯಿಂದ ನಾಳವನ್ನು ಮುಟ್ಟುತ್ತಾರೆ, ಸೂಜಿಯ ಒಳಗಿನಿಂದ ತೆಳುವಾದ ತಂತಿಯನ್ನು ಇಳಿಸುತ್ತಾರೆ, ಸೂಜಿಯನ್ನು ತೆಗೆದು ತಂತಿಯ ಮೇಲೆ ಕೊಳವೆಯನ್ನು ಜಾರಿಸುತ್ತಾರೆ, ಕೊನೆಗೆ ತಂತಿಯನ್ನು ಹೊರಗೆ ಎಳೆಯುತ್ತಾರೆ. ಕೇಳಲು ಸುಲಭ. ಆದರೆ ಕುತ್ತಿಗೆಯ ಅಭಿಧಮನಿಗೆ ಅಂಟಿಕೊಂಡಂತೆ ಮೆದುಳಿಗೆ ರಕ್ತ ಒಯ್ಯುವ ಅಪಧಮನಿ ಇರುತ್ತದೆ. ಕೊರಳೆಲುಬಿನ ಕೆಳಗಿನ ನಾಳದ ಹಿಂದೆಯೇ ಶ್ವಾಸಕೋಶದ ತುದಿ ಇರುತ್ತದೆ. ಸೂಜಿ ಕೂದಲೆಳೆಯಷ್ಟು ತಪ್ಪಿದರೆ ಒಂದೆಡೆ ರಕ್ತ ಹೆಪ್ಪುಗಟ್ಟಿ ಊದಿಕೊಳ್ಳುತ್ತದೆ, ಇನ್ನೊಂದೆಡೆ ಎದೆಯೊಳಗೆ ಗಾಳಿ ನುಗ್ಗಿ ಶ್ವಾಸಕೋಶ ಕುಗ್ಗುತ್ತದೆ.

ಈ ಮೊದಲ ಗಂಟೆಯ ತೊಡಕುಗಳ ಬಗ್ಗೆ ನಮ್ಮ ಸಮುದಾಯದಲ್ಲಿ ಒಂದು ತಪ್ಪು ತಿಳಿವಳಿಕೆ ಇದೆ. ಶ್ವಾಸಕೋಶ ಕುಗ್ಗಿತು ಎಂದ ಮಾತ್ರಕ್ಕೆ ವೈದ್ಯರು ಅಜಾಗರೂಕರು ಎಂದರ್ಥವಲ್ಲ. ಫ್ರಾನ್ಸಿನ ಹತ್ತು ತೀವ್ರ ನಿಗಾ ಘಟಕಗಳಲ್ಲಿ ನಡೆದು 2015ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದು ಮೂರೂ ಜಾಗಗಳನ್ನು ಹೋಲಿಸಿತು. ಕೊರಳೆಲುಬಿನ ಕೆಳಗೆ ಹಾಕಿದವುಗಳಲ್ಲಿ ಸೋಂಕು ಮತ್ತು ರಕ್ತದ ಹೆಪ್ಪು ಕಡಿಮೆ ಕಂಡವು. ಆದರೆ ಎದೆಗೆ ನಳಿಕೆ ಇಳಿಸಬೇಕಾದಷ್ಟು ಶ್ವಾಸಕೋಶ ಕುಗ್ಗಿದ್ದು ಅಲ್ಲಿಯೇ ಹೆಚ್ಚು: ಶೇ. 1.5. ಕುತ್ತಿಗೆಯ ಮೂಲಕ ಹಾಕಿದವುಗಳಲ್ಲಿ ಅದು ಶೇ. 0.5. ಅಪಾಯವೇ ಇಲ್ಲದ ಜಾಗ ಎಂಬುದು ಮನುಷ್ಯನ ದೇಹದಲ್ಲಿಲ್ಲ. ಯಾವ ರೋಗಿಗೆ ಯಾವ ಅಪಾಯ ಹಗುರ ಎಂಬುದನ್ನು ವೈದ್ಯರು ತೂಗಿ ನೋಡಬೇಕಾಗುತ್ತದೆ. ಕುತ್ತಿಗೆಯ ಲೈನನ್ನು ಅಲ್ಟ್ರಾಸೌಂಡಿನಲ್ಲಿ ನಾಳವನ್ನು ಕಣ್ಣಾರೆ ನೋಡುತ್ತ ಹಾಕಿದರೆ ತಪ್ಪುಗಳು ಕಡಿಮೆಯಾಗುತ್ತವೆ. ಇಂಗ್ಲೆಂಡಿನಲ್ಲಿ 2002ರಿಂದಲೇ ಅದು ಅಧಿಕೃತ ಶಿಫಾರಸು. ಹಾಗಾಗಿ ಒಪ್ಪಿಗೆಯ ಹೊತ್ತಿನಲ್ಲಿ ಕೇಳಲೇಬೇಕಾದ ಪ್ರಶ್ನೆಯೊಂದಿದ್ದರೆ ಅದು “ಅಲ್ಟ್ರಾಸೌಂಡ್ ನೋಡಿಕೊಂಡು ಹಾಕುತ್ತೀರಾ?” ಎಂಬುದು. ತಂತಿಯನ್ನು ಒಳಗೇ ಮರೆತು ಬಿಡುವಂಥ ಪ್ರಮಾದಗಳ ಮಾತು ಬೇರೆ; ಅವಕ್ಕೆ ಕ್ಷಮೆಯಿಲ್ಲ.

ಈಗ ಸೋಂಕಿನ ವಿಷಯಕ್ಕೆ ಬರೋಣ. ಇದು ಹೆಚ್ಚಾಗಿ ಸೂಜಿಯ ಕ್ಷಣದಲ್ಲಿ ಕಾಣಿಸುವುದಿಲ್ಲ, ದಿನಗಳ ಮೇಲೆ ಬರುತ್ತದೆ. ಚರ್ಮದ ಮೇಲಿನ ಸೂಕ್ಷ್ಮಜೀವಿಗಳು ಕೊಳವೆಯ ಹೊರಮೈಯನ್ನು ಹಿಡಿದು ಒಳಗಿಳಿಯುತ್ತವೆ. ಇಲ್ಲವೇ ಔಷಧ ಚುಚ್ಚಲು ದಿನಕ್ಕೆ ಹತ್ತಾರು ಬಾರಿ ಮುಟ್ಟುವ ತುದಿಯಿಂದ ಒಳಗೆ ಸೇರುತ್ತವೆ. ಅಲ್ಲಿಂದ ನೇರವಾಗಿ ರಕ್ತಕ್ಕೆ. ಯಾವ ಕಾಯಿಲೆಗೆ ಸೇರಿಸಿದ್ದರೋ ಅದು ವಾಸಿಯಾಗುತ್ತ ಬಂದಿರುವಾಗ ಈ ಸೋಂಕಿನಿಂದ ರೋಗಿ ಮತ್ತೆ ಹಾಸಿಗೆ ಹಿಡಿಯುವುದನ್ನು ಕಾಣುತ್ತೇವೆ. “ಚೆನ್ನಾಗಿಯೇ ಇದ್ದರು, ಇದ್ದಕ್ಕಿದ್ದಂತೆ ಸೆಪ್ಸಿಸ್ ಆಯಿತಂತೆ” ಎಂಬ ಮಾತಿನ ಹಿಂದೆ ಕೆಲವೊಮ್ಮೆ ಈ ಕೊಳವೆ ಇರುತ್ತದೆ. ಬಹಳ ಕಾಲ ವೈದ್ಯ ಲೋಕವೂ ಇದನ್ನು ಐಸಿಯುವಿನ ಅನಿವಾರ್ಯ ಕರ್ಮವೆಂದೇ ಒಪ್ಪಿಕೊಂಡಿತ್ತು.

ಅದು ಅನಿವಾರ್ಯವಲ್ಲ ಎಂದು ದೊಡ್ಡ ಪ್ರಮಾಣದಲ್ಲಿ ತೋರಿಸಿದ್ದು ನಾವು ಬದುಕುತ್ತಿರುವ ಇದೇ ರಾಜ್ಯ. ಇಪ್ಪತ್ತು ವರ್ಷ ಇಲ್ಲಿದ್ದವರಿಗೂ ಈ ಸಂಗತಿ ತಿಳಿದಿಲ್ಲದಿರುವುದು ನಮಗೆ ಆಶ್ಚರ್ಯ; ಕಾರಿನ ಕಾರ್ಖಾನೆಗಳ ಚರಿತ್ರೆಯನ್ನು ಎಲ್ಲರೂ ಹೇಳುತ್ತಾರೆ, ಇದನ್ನು ಯಾರೂ ಹೇಳುವುದಿಲ್ಲ. ಜಾನ್ಸ್ ಹಾಪ್ಕಿನ್ಸ್‌ನ ತೀವ್ರ ನಿಗಾ ತಜ್ಞ ಪೀಟರ್ ಪ್ರೊನೊವೋಸ್ಟ್ ಅವರು 2001ರ ಸುಮಾರಿಗೆ ಒಂದು ಹಾಳೆಯ ಮೇಲೆ ಐದು ಸಾಲುಗಳನ್ನು ಬರೆದರು. ಕೈ ತೊಳೆಯಿರಿ. ರೋಗಿಯ ಚರ್ಮವನ್ನು ಕ್ಲೋರ್‌ಹೆಕ್ಸಿಡಿನ್‌ನಿಂದ ಶುಚಿಮಾಡಿ. ಟೋಪಿ, ಮಾಸ್ಕ್, ಗೌನ್, ಕೈಗವಸು ಧರಿಸಿ ರೋಗಿಯ ಇಡೀ ದೇಹವನ್ನು ಶುದ್ಧ ಹೊದಿಕೆಯಿಂದ ಮುಚ್ಚಿ. ಸಾಧ್ಯವಾದಷ್ಟು ತೊಡೆಸಂದನ್ನು ತಪ್ಪಿಸಿ. ಬೇಡವಾದ ಲೈನನ್ನು ತೆಗೆದುಹಾಕಿ. ಇಷ್ಟೇ. ಇದರಲ್ಲಿ ಯಾವ ವೈದ್ಯನಿಗೂ ಗೊತ್ತಿಲ್ಲದ್ದು ಒಂದೂ ಇರಲಿಲ್ಲ. ಆದರೂ ತಮ್ಮ ಘಟಕದ ನರ್ಸುಗಳಿಗೆ ಒಂದು ತಿಂಗಳು ಸುಮ್ಮನೆ ಗಮನಿಸಿ ಬರೆದಿಡಲು ಹೇಳಿದಾಗ, ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ರೋಗಿಗಳ ವಿಷಯದಲ್ಲಿ ವೈದ್ಯರು ಕನಿಷ್ಠ ಒಂದು ಹೆಜ್ಜೆಯನ್ನಾದರೂ ಬಿಟ್ಟಿದ್ದರು.

2003ರಲ್ಲಿ ಮಿಷಿಗನ್ನಿನ ಆಸ್ಪತ್ರೆಗಳ ಸಂಘಟನೆಯು ಕೀಸ್ಟೋನ್ ಎಂಬ ಹೆಸರಿನಲ್ಲಿ ಈ ಕ್ರಮವನ್ನು ರಾಜ್ಯದಾದ್ಯಂತ ಕೈಗೆತ್ತಿಕೊಂಡಿತು. ಹಲವು ಐಸಿಯುಗಳಲ್ಲಿ ಕ್ಲೋರ್‌ಹೆಕ್ಸಿಡಿನ್ನೇ ಇರಲಿಲ್ಲ, ತರಿಸಿದರು. ಸಾಮಗ್ರಿಗಳನ್ನು ಹುಡುಕಿಕೊಂಡು ನಾಲ್ಕು ಕಡೆ ಓಡಬೇಕಿತ್ತು. ಎಲ್ಲವನ್ನೂ ಒಂದೇ ತಳ್ಳುಬಂಡಿಯಲ್ಲಿ ಜೋಡಿಸಿದರು. ಫಲಿತಾಂಶ 2006ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಪ್ರಕಟವಾಯಿತು. ಅಂಕಿಗಳನ್ನು ಹೇಳುವ ಮೊದಲು ಒಂದು ವಿವರಣೆ: ಒಬ್ಬ ರೋಗಿಗೆ ಹತ್ತು ದಿನ ಲೈನ್ ಇದ್ದರೆ ಅದು ಹತ್ತು ಲೈನ್ ದಿನ, ಹತ್ತು ರೋಗಿಗಳಿಗೆ ಒಂದೊಂದು ದಿನ ಇದ್ದರೂ ಅಷ್ಟೇ. ವರದಿ ಸಲ್ಲಿಸಿದ 103 ಐಸಿಯುಗಳಲ್ಲಿ ಸಾವಿರ ಲೈನ್ ದಿನಗಳಿಗೆ ಸರಾಸರಿ 7.7 ಇದ್ದ ರಕ್ತದ ಸೋಂಕು, ಹದಿನಾರರಿಂದ ಹದಿನೆಂಟು ತಿಂಗಳಲ್ಲಿ 1.4ಕ್ಕೆ ಇಳಿಯಿತು. ಅರ್ಧಕ್ಕಿಂತ ಹೆಚ್ಚು ಘಟಕಗಳು ಮೂರೇ ತಿಂಗಳಲ್ಲಿ ಸೊನ್ನೆಯನ್ನು ತಲುಪಿದ್ದವು. ಆ ಮೇಲೆ ಇಂಗ್ಲೆಂಡು ಇದೇ ಪ್ರಯತ್ನಕ್ಕೆ ‘ಮ್ಯಾಚಿಂಗ್ ಮಿಷಿಗನ್’ ಎಂದೇ ಹೆಸರಿಟ್ಟಿತು. ಅಮೆರಿಕದ ಐಸಿಯುಗಳಲ್ಲಿ 2001ರಲ್ಲಿ ಸುಮಾರು 43,000 ಇದ್ದ ಇಂಥ ಸೋಂಕುಗಳು 2009ರ ವೇಳೆಗೆ ಸುಮಾರು 18,000ಕ್ಕೆ ಇಳಿದಿದ್ದವು ಎಂಬುದು ಸಿಡಿಸಿಯ ಅಂದಾಜು. ನಡುವೆ 2007ರ ಕೊನೆಯಲ್ಲಿ, ಇದು ಒಪ್ಪಿಗೆಯಿಲ್ಲದೆ ಮನುಷ್ಯರ ಮೇಲೆ ನಡೆಸಿದ ಸಂಶೋಧನೆ ಎಂದು ಕೇಂದ್ರ ಸರ್ಕಾರದ ಕಚೇರಿಯೊಂದು ತಕರಾರು ತೆಗೆದು ಕೆಲಸವನ್ನು ಕೆಲಕಾಲ ತಡೆದದ್ದೂ ಉಂಟು. ಕೈ ತೊಳೆಯಿರಿ ಎನ್ನುವುದಕ್ಕೂ ಅನುಮತಿ ಬೇಕಾದ ಕಾಲ!

ಆದರೆ ಈ ಕಥೆಯ ತಿರುಳು ಐದು ಸಾಲುಗಳ ಹಾಳೆಯಲ್ಲಿದೆ ಎಂದು ನಾವು ಭಾವಿಸುವುದಿಲ್ಲ. ಹಾಳೆಯನ್ನು ಯಾವ ಆಸ್ಪತ್ರೆಯೂ ಗೋಡೆಗೆ ಅಂಟಿಸಬಹುದು. ಒಂದು ಹೆಜ್ಜೆ ತಪ್ಪಿದರೂ ವೈದ್ಯರನ್ನು ಅಲ್ಲಿಯೇ ತಡೆದು ನಿಲ್ಲಿಸುವ ಅಧಿಕಾರವನ್ನು ನರ್ಸುಗಳಿಗೆ ಕೊಟ್ಟರಲ್ಲ, ಆಡಳಿತ ಮಂಡಳಿ ಅವರ ಬೆನ್ನಿಗೆ ನಿಂತಿತಲ್ಲ, ಅಲ್ಲಿದೆ ತಿರುಳು. ನಮ್ಮೂರಿನ ಆಸ್ಪತ್ರೆಯನ್ನು ಕಣ್ಣ ಮುಂದೆ ತಂದುಕೊಳ್ಳಿ. ಇಪ್ಪತ್ತಮೂರು ವರ್ಷದ ನರ್ಸ್ ಒಬ್ಬರು ಮೂವತ್ತು ವರ್ಷ ಅನುಭವವಿರುವ ತಜ್ಞರಿಗೆ “ಸರ್, ಗೌನ್ ಹಾಕಿಲ್ಲ, ನಿಲ್ಲಿಸಿ” ಎನ್ನಬಲ್ಲರೇ? ಹಾಗೆ ಹೇಳಿದವರು ಮರುದಿನ ಅದೇ ವಾರ್ಡಿನಲ್ಲಿ ತಲೆಯೆತ್ತಿ ಕೆಲಸ ಮಾಡಬಲ್ಲರೇ? ಮಾಡಬಲ್ಲ ಆಸ್ಪತ್ರೆಗಳು ಕರ್ನಾಟಕದಲ್ಲಿ ಇವೆ, ಅವುಗಳಲ್ಲಿ ದುಡಿದವರು ನಮ್ಮ ಕೂಟದಲ್ಲೂ ಇದ್ದಾರೆ. ಆದರೆ ಆಸ್ಪತ್ರೆಯನ್ನು ಆರಿಸುವಾಗ ನಾವು ವೈದ್ಯರ ಪದವಿಗಳನ್ನು, ಲಾಬಿಯ ಅಮೃತಶಿಲೆಯನ್ನು ನೋಡುತ್ತೇವೆ. ಒಬ್ಬ ನರ್ಸಿಗೆ ಎಷ್ಟು ರೋಗಿಗಳು ಎಂದು ಕೇಳುವುದಿಲ್ಲ. ಐಸಿಯುವಿನಲ್ಲಿ ನಮ್ಮವರ ಕೊಳವೆಯನ್ನು ದಿನವಿಡೀ ಮುಟ್ಟುವವರು “ಸಿಸ್ಟರ್” ಎಂದು ಕರೆಸಿಕೊಳ್ಳುವ ಅವರು. ಇಲ್ಲಿಯೂ ಗಳಿಸಿದ್ದು ಗಟ್ಟಿಯಾಗಿ ಉಳಿಯಲಿಲ್ಲ. 2020ರ ಕೊನೆಯ ತಿಂಗಳುಗಳಲ್ಲಿ, ಕೋವಿಡ್ ಅಲೆಯಲ್ಲಿ ನರ್ಸುಗಳು ಕಡಿಮೆಯಾಗಿ ರೋಗಿಗಳು ತುಂಬಿ ತುಳುಕಿದಾಗ, ಅಮೆರಿಕದ ಆಸ್ಪತ್ರೆಗಳಲ್ಲಿ ಈ ಸೋಂಕು ಹಿಂದಿನ ವರ್ಷದ ಅದೇ ಅವಧಿಗಿಂತ ಶೇ. 40ಕ್ಕೂ ಹೆಚ್ಚು ಏರಿತು. ಹಾಳೆ ಅದೇ ಇತ್ತು. ಅದನ್ನು ಪಾಲಿಸಲು ಬೇಕಾದ ಕೈಗಳು ಇರಲಿಲ್ಲ.

ಐದನೆಯ ಸಾಲನ್ನು ಮತ್ತೊಮ್ಮೆ ಗಮನಿಸೋಣ: ಬೇಡವಾದ ಲೈನನ್ನು ತೆಗೆದುಹಾಕಿ. ಉಳಿದ ನಾಲ್ಕು ಹೆಜ್ಜೆಗಳು ಮುಚ್ಚಿದ ಬಾಗಿಲ ಹಿಂದೆ ಅರ್ಧ ಗಂಟೆಯಲ್ಲಿ ಮುಗಿಯುತ್ತವೆ, ಅಲ್ಲಿ ನಮಗೆ ಪ್ರವೇಶವಿಲ್ಲ. ಈ ಒಂದು ಮಾತ್ರ ಪ್ರತಿದಿನ ಬೆಳಗ್ಗೆ ಹೊಸದಾಗಿ ನಿರ್ಧಾರವಾಗಬೇಕು, ಮತ್ತು ಇದರಲ್ಲಿ ಕುಟುಂಬಕ್ಕೂ ಪಾತ್ರವುಂಟು. ಬೇಡದ ಲೈನ್ ಉಳಿದುಬಿಡುವುದಕ್ಕೆ ದುರುದ್ದೇಶ ಬೇಕಿಲ್ಲ. ರಕ್ತ ತೆಗೆಯಲು ಅನುಕೂಲ, ಮತ್ತೆ ಮತ್ತೆ ಕೈಗೆ ಚುಚ್ಚುವುದು ತಪ್ಪುತ್ತದೆ, ರಾತ್ರಿ ಏನಾದರೂ ಆದರೆ ಇರಲಿ ಎಂಬ ಮುಂಜಾಗ್ರತೆ, ರೋಗಿಯನ್ನು ಬೇರೆ ವಾರ್ಡಿಗೆ ಸಾಗಿಸುವ ಗಡಿಬಿಡಿ. ಹೀಗೆ ದಿನ ಒಂದೊಂದೇ ಸೇರುತ್ತ ಹೋಗುತ್ತದೆ. ದೂರದಲ್ಲಿರುವ ನಾವು ಇದಕ್ಕೆ ನೀರೆರೆಯುತ್ತೇವೆ. “ಖರ್ಚು ಎಷ್ಟೇ ಆಗಲಿ, ಏನೂ ತೆಗೆಯಬೇಡಿ, ಎಲ್ಲ ಇರಲಿ” ಎಂಬುದು ಅನಿವಾಸಿ ಮಕ್ಕಳ ಬಾಯಿಯಿಂದ ಬರುವ ಮಾತು. ಬಳಿಯಲ್ಲಿಲ್ಲದ ಸಂಕಟ ಆ ಮಾತನ್ನು ಆಡಿಸುತ್ತದೆ, ಅದು ನಮಗೂ ಗೊತ್ತು. ಆದರೆ ಕೊಳವೆಗಳು ಹೆಚ್ಚಿದಷ್ಟೂ ಚಿಕಿತ್ಸೆ ಹೆಚ್ಚು ಎಂಬ ಲೆಕ್ಕ ಐಸಿಯುವಿನಲ್ಲಿ ನಡೆಯುವುದಿಲ್ಲ.

ಹಾಗಾದರೆ ಕೇಳುವುದು ಹೇಗೆ? ದಿನಕ್ಕೆ ಒಂದು ಬಾರಿ ವೈದ್ಯರು ಮನೆಯವರೊಡನೆ ಮಾತನಾಡುವ ಐದು ನಿಮಿಷಗಳಲ್ಲಿ, ಊರಿನಲ್ಲಿರುವ ಒಬ್ಬರೇ ವ್ಯಕ್ತಿ, ವಿನಯದಿಂದ: “ಡಾಕ್ಟ್ರೇ, ಆ ನೆಕ್ ಲೈನ್ ಇವತ್ತೂ ಬೇಕಾ? ಯಾವ ಔಷಧಕ್ಕೆ?” ಎಂದು ಕೇಳಿದರೆ ಸಾಕು. “ನಾಳೆ ಡಯಾಲಿಸಿಸ್ ಇದೆ, ಇರಲಿ” ಎಂದರೆ ಅದು ಒಳ್ಳೆಯ ಉತ್ತರವೇ. ಉತ್ತರವಿಲ್ಲದೆ ಅವರು ಒಂದು ಕ್ಷಣ ಕೇಸ್ ಶೀಟನ್ನು ತಿರುವಿದರೆ ಆ ಪ್ರಶ್ನೆ ತನ್ನ ಕೆಲಸ ಮಾಡಿದೆ. ಅಮೆರಿಕದಿಂದ ನಾಲ್ವರು ಒಬ್ಬೊಬ್ಬರಾಗಿ ಕರೆ ಮಾಡಿ ತಕರಾರು ತೆಗೆಯುವುದರಿಂದ ವೈದ್ಯರು ರಕ್ಷಣೆಗಿಳಿಯುತ್ತಾರೆಯೇ ಹೊರತು ಲೈನ್ ಹೊರಗೆ ಬರುವುದಿಲ್ಲ. “ಒಂದು ವಾರ ಆಯಿತು, ಹೊಸದನ್ನು ಹಾಕಿ” ಎಂದು ಒತ್ತಾಯಿಸುವುದೂ ಸಲ್ಲದು. ಸೋಂಕಿನ ಲಕ್ಷಣವಿಲ್ಲದೆ ದಿನ ಎಣಿಸಿ ಬದಲಿಸುವುದರಿಂದ ಸೋಂಕು ತಗ್ಗುವುದಿಲ್ಲ, ಹೊಸ ಸೂಜಿಯ ಅಪಾಯ ಮಾತ್ರ ಸೇರುತ್ತದೆ. ತೆಗೆಯುವಾಗಲೂ ಒಂದು ಎಚ್ಚರ ಬೇಕು. ಕುತ್ತಿಗೆಯ ಲೈನನ್ನು ರೋಗಿ ಅಂಗಾತ ಮಲಗಿದ್ದಾಗಲೇ ಎಳೆಯಬೇಕು, ರಂಧ್ರವನ್ನು ಒತ್ತಿ ಹಿಡಿದು ಗಾಳಿ ಹೋಗದಂಥ ಪಟ್ಟಿ ಹಾಕಬೇಕು. ಕುಳಿತಿರುವಾಗ ಎಳೆದರೆ ಉಸಿರಿನ ಸೆಳೆತಕ್ಕೆ ಗಾಳಿ ನಾಳದೊಳಗೆ ನುಗ್ಗಬಹುದು. ಮನೆಗೆ ಹೋಗುವ ಸಂಭ್ರಮದಲ್ಲಿ ಅಜ್ಜನನ್ನು ಬೇಗ ಎಬ್ಬಿಸಿ ಕೂರಿಸುವ ಆತುರ ಬೇಡ.

ಇನ್ನೊಂದು ಸೂಕ್ಷ್ಮ ವಿಷಯ. ಐಸಿಯುವಿಗೆ ಒಯ್ಯುವ ಕುಂಕುಮ, ವಿಭೂತಿ, ರಾಯರ ಮೃತ್ತಿಕೆ, ತೀರ್ಥ ಇವುಗಳ ಮೇಲಿನ ನಂಬಿಕೆಯನ್ನು ನಾವು ಪ್ರಶ್ನಿಸುತ್ತಿಲ್ಲ. ಹಣೆಗೆ ಹಚ್ಚಲು ಸಿಸ್ಟರ್ ಒಪ್ಪಿದರೆ ಹಚ್ಚಿ. ಕುತ್ತಿಗೆಯ ಪಟ್ಟಿಯ ಹತ್ತಿರಕ್ಕೆ ಮಾತ್ರ ಅವು ಹೋಗದಿರಲಿ.

ನಮ್ಮ ಸಮುದಾಯದಲ್ಲಿ ಈ ಕೊಳವೆ ಅತಿ ದೀರ್ಘಕಾಲ ಉಳಿಯುವುದು ಡಯಾಲಿಸಿಸ್ ರೋಗಿಗಳಲ್ಲಿ, ಮತ್ತು ಇಲ್ಲಿ ಹೊಣೆ ಬಹುಮಟ್ಟಿಗೆ ಮನೆಯವರದೇ. ಸಕ್ಕರೆ ಕಾಯಿಲೆಯಿಂದ ಮೂತ್ರಪಿಂಡ ಸೋಲುತ್ತ ಬಂದಿದೆ ಎಂದು ವೈದ್ಯರು ಒಂದೆರಡು ವರ್ಷ ಮೊದಲೇ ಹೇಳಿರುತ್ತಾರೆ. ತೋಳಿನಲ್ಲಿ ಅಪಧಮನಿಯನ್ನೂ ಅಭಿಧಮನಿಯನ್ನೂ ಜೋಡಿಸುವ ಫಿಸ್ಟುಲಾ ಎಂಬ ಚಿಕ್ಕ ಶಸ್ತ್ರಚಿಕಿತ್ಸೆಯನ್ನು ಸೂಚಿಸಿರುತ್ತಾರೆ. ಅದು ಬಲಿತು ಬಳಕೆಗೆ ಬರಲು ವಾರಗಳು, ಕೆಲವರಿಗೆ ತಿಂಗಳುಗಳೇ ಬೇಕು. “ಡಯಾಲಿಸಿಸ್ ಶುರುವಾದಾಗ ನೋಡೋಣ”, “ಮಗಳ ಮದುವೆ ಮುಗಿಯಲಿ”, “ಆಯುರ್ವೇದ ನೋಡುತ್ತಿದ್ದೇವೆ” ಎಂದು ಮುಂದೂಡುತ್ತೇವೆ. ಒಂದು ರಾತ್ರಿ ಉಸಿರಾಟ ಕಷ್ಟವಾಗಿ ಆಸ್ಪತ್ರೆ ಸೇರಿದಾಗ ಕುತ್ತಿಗೆಯ ಕೊಳವೆಯ ಹೊರತು ಬೇರೆ ದಾರಿಯಿರುವುದಿಲ್ಲ. ಇದು ಭಾರತದ ಕಥೆ ಮಾತ್ರವಲ್ಲ. ಅಮೆರಿಕದಲ್ಲೂ ಡಯಾಲಿಸಿಸ್ ಆರಂಭಿಸುವವರಲ್ಲಿ ಸುಮಾರು ಶೇ. 80ರಷ್ಟು ಮಂದಿ ಕೊಳವೆಯಿಂದಲೇ ಆರಂಭಿಸುತ್ತಾರೆ. ಫಿಸ್ಟುಲಾ ನಮ್ಮದೇ ರಕ್ತನಾಳ. ಹೊರಗಿನ ಪ್ಲಾಸ್ಟಿಕ್ ಒಳಗೆ ಇರುವುದಿಲ್ಲ, ಹಾಗಾಗಿ ಸೋಂಕು ಬಹಳ ಕಡಿಮೆ. ಹೃದಯ ತೀರ ದುರ್ಬಲವಾದವರಿಗೆ, ನಾಳಗಳು ಸೊರಗಿದ ವೃದ್ಧರಿಗೆ ಅದು ಹೊಂದದಿರಬಹುದು. ಅದನ್ನು ತಜ್ಞರೇ ಹೇಳಬೇಕು. ಆದರೆ ಕಿಡ್ನಿ ಸೋಲುತ್ತಿರುವ ಹಿರಿಯರು ಮನೆಯಲ್ಲಿದ್ದರೆ ಬಲಗೈಯವರ ಎಡತೋಳನ್ನು ಇಂದಿನಿಂದಲೇ ಕಾಪಾಡಿ. ರಕ್ತ ತೆಗೆಯಲು, ಡ್ರಿಪ್ ಹಾಕಲು ಬಲಗೈಯ ಹಿಂಭಾಗವನ್ನು ಕೊಡಿ. ತೋಳಿನಿಂದ ಹಾಕುವ ಪಿಕ್ ಲೈನಿಗೆ ಒಪ್ಪುವ ಮೊದಲು ಕಿಡ್ನಿ ತಜ್ಞರನ್ನು ಕೇಳಿ. ಹಾಳಾದ ನಾಳದಲ್ಲಿ ಮುಂದೆ ಫಿಸ್ಟುಲಾ ಕೂರುವುದಿಲ್ಲ.

ಲೈನ್ ಇಟ್ಟುಕೊಂಡೇ ಮನೆಗೆ ಬಂದವರಿಗೆ ಚಳಿ ನಡುಕದ ಜ್ವರ ಬಂದರೆ ಅದು ವೈರಲ್ ಜ್ವರವಿರಬೇಕೆಂದು ಡೋಲೋ ನುಂಗಿ ಬೆಳಗಿನವರೆಗೆ ಕಾಯುವುದು ಅಪಾಯಕಾರಿ. ಅದರಲ್ಲೂ ಡಯಾಲಿಸಿಸ್ ನಡೆಯುವಾಗಲೋ ಕೊಳವೆಗೆ ಔಷಧ ಹಾಕಿದ ಅರ್ಧ ಗಂಟೆಯಲ್ಲೋ ನಡುಕ ಬಂದರೆ ಕೊಳವೆಯನ್ನೇ ಮೊದಲು ಶಂಕಿಸಬೇಕು. ತುರ್ತು ಚಿಕಿತ್ಸಾ ವಿಭಾಗದ ಬಾಗಿಲಲ್ಲಿ ಮೊದಲ ವಾಕ್ಯವಾಗಿಯೇ “ಇವರಿಗೆ ಸೆಂಟ್ರಲ್ ಲೈನ್ ಇದೆ” ಎಂದು ಹೇಳಿ. ತಂದೆತಾಯಿ ಪ್ರವಾಸಿ ವಿಮೆಯ ಮೇಲೆ ಇಲ್ಲಿಗೆ ಬಂದಿದ್ದಾಗ ಬಿಲ್ಲಿನ ಭಯಕ್ಕೆ ನಾವು ಎರಡು ದಿನ ತಡೆದು ನೋಡುತ್ತೇವೆ. ಈ ಜ್ವರ ಎರಡು ದಿನ ಕಾಯುವುದಿಲ್ಲ.

ಕೊನೆಯದಾಗಿ ಆಸ್ಪತ್ರೆಗಳ ಲೆಕ್ಕದ ವಿಷಯ. 2008ರ ಅಕ್ಟೋಬರಿನಿಂದ ಮೆಡಿಕೇರ್ ಇಂಥ ಸೋಂಕಿನ ಹೆಚ್ಚುವರಿ ವೆಚ್ಚವನ್ನು ಆಸ್ಪತ್ರೆಗಳಿಗೆ ಕೊಡುವುದನ್ನು ನಿಲ್ಲಿಸಿತು. ಇಲ್ಲಿಯ ಆಸ್ಪತ್ರೆಗಳ ಸೋಂಕಿನ ಅಂಕಿಗಳನ್ನು ಮೆಡಿಕೇರಿನ ಜಾಲತಾಣದಲ್ಲಿ ಯಾರೂ ನೋಡಬಹುದು. ಭಾರತದಲ್ಲಿ ಎನ್‌ಎಬಿಎಚ್ ಮಾನ್ಯತೆ ಪಡೆದ ಆಸ್ಪತ್ರೆಗಳು ಈ ಸೋಂಕಿನ ಪ್ರಮಾಣವನ್ನು ಅಳೆಯಲೇಬೇಕು. ಸೋಂಕು ನಿಯಂತ್ರಣಕ್ಕೆಂದೇ ನೇಮಿಸಿದ ನರ್ಸ್ ಅಲ್ಲಿರುತ್ತಾರೆ. ಮುಂದಿನ ಸಲ ಊರಿಗೆ ಹೋದಾಗ, ಯಾರಿಗೂ ಕಾಯಿಲೆಯಿಲ್ಲದ ನಿರಾಳದ ದಿನವೊಂದರಲ್ಲಿ, ಮನೆಗೆ ಹತ್ತಿರದ ಆಸ್ಪತ್ರೆಗೆ ಹೋಗಿ ಅವರನ್ನು ಕಾಣಬಹುದು. ಸಾವಿರ ಲೈನ್ ದಿನಗಳಿಗೆ ನಿಮ್ಮ ಐಸಿಯುವಿನಲ್ಲಿ ಎಷ್ಟು ಸೋಂಕು ಎಂದು ಕೇಳಿ. “ನಮ್ಮಲ್ಲಿ ಸೋಂಕೇ ಇಲ್ಲ” ಎಂಬ ಉತ್ತರ ಬಂದರೆ, ಎಷ್ಟು ಲೈನ್ ದಿನಗಳಲ್ಲಿ ಎಂದು ಇನ್ನೊಮ್ಮೆ ಕೇಳಿ. ನಿಜವಾಗಿ ಎಣಿಸುವ ಘಟಕದಲ್ಲಿ ಆ ಸಂಖ್ಯೆಗೆ ಯಾರೂ ಒಳಗೆ ಹೋಗಿ ಹುಡುಕಬೇಕಾಗುವುದಿಲ್ಲ. ನರ್ಸುಗಳ ಮೇಜಿನ ಮೇಲಿನ ಪುಸ್ತಕದಲ್ಲೇ ಆ ದಿನದವರೆಗಿನ ಲೆಕ್ಕ ಬರೆದಿರುತ್ತದೆ.